ಮೊದಲ ಸಲ ರೇಸ್ ಟ್ರ್ಯಾಕ್‌ಗೆ ಹೋಗ್ತಿದ್ದೀರಾ? ಸ್ಪೀಡ್ ಆಮೇಲೆ, ಮೊದಲು ಕಣ್ಣಿಗೆ ಕೆಲಸ ಕೊಡಿ

ಪ್ರಶ್ನೆ: ನಾನು ಹಾಸನದವನು, ಈಗ ಬೆಂಗಳೂರಲ್ಲಿ ಕೆಲಸ. ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕ್ ಇದೆ, ಸಕಲೇಶಪುರ, ಚಾರ್ಮಾಡಿ ಕಡೆ ಚೆನ್ನಾಗಿ ಓಡ್ಸಿದ್ದೀನಿ, ಘಾಟಲ್ಲಿ ನಿನ್ನ ಹಿಡಿಯೋರಿಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ. ಮುಂದಿನ ತಿಂಗಳು ಚೆನ್ನೈ ಟ್ರ್ಯಾಕಲ್ಲಿ ಒಂದು ದಿನದ ಟ್ರೈನಿಂಗ್‌ಗೆ ದುಡ್ಡು ಕಟ್ಟಿದ್ದೀನಿ. ಗಾಡಿಗೆ ಏನೇನು ಮಾಡಿಸ್ಬೇಕು? ಬೆಂಗಳೂರಿಂದ ಓಡಿಸ್ಕೊಂಡೇ ಹೋಗಿ ಅದೇ ದಿನ ವಾಪಸ್ ಬರಬಹುದಾ? ಬೀಳೋ ಭಯಾನೂ ಇದೆ, ಆದ್ರೆ ಮೊದಲ ದಿನಾನೇ ತಿರುವಲ್ಲಿ ಗಾಡಿ ವಾಲಿಸಿ ಮಂಡಿ ನೆಲಕ್ಕೆ ತಾಗಿಸ್ಬೇಕು ಅಂತ ಆಸೆ. ಆಗತ್ತಾ ಸರ್?

ಉತ್ತರ: ಕೊನೇ ಪ್ರಶ್ನೆಗೆ ಮೊದಲು ಉತ್ತರ ಕೊಟ್ಬಿಡ್ತೀನಿ. ಮಂಡಿ ತಾಗಿಸೋದು ಮೊದಲ ದಿನಕ್ಕೆ ಬೇಡ. ಸ್ಪೀಡು, ಲೈನು (ತಿರುವಲ್ಲಿ ಗಾಡಿ ಹೋಗೋ ದಾರಿ), ಸೀಟ್ ಮೇಲೆ ಕೂತಿರೋ ರೀತಿ ಮೂರೂ ಸರಿಯಾಗಿ ಕೂಡಿಬಂದಾಗ ಅದು ತಾನಾಗೇ ತಾಗತ್ತೆ. ಅದನ್ನೇ ಗುರಿ ಇಟ್ಕೊಂಡು ಹೋದೋರನ್ನ ನಾನು ಟ್ರ್ಯಾಕಲ್ಲಿ ತುಂಬ ನೋಡಿದ್ದೀನಿ, ಗಮನ ಎಲ್ಲಾ ಮಂಡಿ ಮೇಲೆ, ಕಣ್ಣು ಟಾರ್ ಮೇಲೆ, ಸೀಟಿಂದ ಅರ್ಧ ಇಳಿದು ಹ್ಯಾಂಡಲ್‌ಗೆ ಜೋತುಬಿದ್ದಿರ್ತಾರೆ, ಆ ಜೋತುಬಿದ್ದ ಕೈಯಿಂದಾನೇ ಮುಂದಿನ ಚಕ್ರ ಅಲ್ಲಾಡಕ್ಕೆ ಶುರುವಾಗತ್ತೆ, ಅಲ್ಲಿಗೆ ಮುಗೀತು. ಫೋಟೋಗೋಸ್ಕರ ಬೀಳೋದು ಬೇಡ. ಮೊದಲ ದಿನ ನಿಮ್ಮ ಕಣ್ಣು ಎಲ್ಲಿ ನೋಡತ್ತೆ ಅನ್ನೋದನ್ನ ಬದಲಾಯಿಸ್ಕೊಂಡು ಬಂದ್ರೆ ಸಾಕು. ನನ್ನ ಪ್ರಕಾರ ಆ ದಿನದ ಫೀಸ್‌ಗೆ ಸಿಗೋ ನಿಜವಾದ ಸಾಮಾನು ಅದೇ.

ಘಾಟ್ ವಿಷಯಕ್ಕೆ ಬರ್ತೀನಿ. ಚಾರ್ಮಾಡಿ ಓಡಿಸಿದ ಅನುಭವ ವ್ಯರ್ಥ ಅಲ್ಲ, ಗಾಡಿ ಮೇಲೆ ಹಿಡಿತ ಬಂದಿರತ್ತೆ. ಆದ್ರೆ ಘಾಟಲ್ಲಿ ನಮ್ಮ ಕಣ್ಣು ಮುಂದಿನ ಚಕ್ರದ ಹತ್ರಾನೇ ಓಡಾಡ್ತಿರತ್ತೆ. ಯಾಕಂದ್ರೆ ಗುಂಡಿ ನೋಡ್ಬೇಕು, ಜಲ್ಲಿ ನೋಡ್ಬೇಕು, ಲಾರಿಯಿಂದ ಸುರಿದ ಡೀಸೆಲ್ ನೋಡ್ಬೇಕು, ತಿರುವಿನ ಆ ಕಡೆಯಿಂದ ನಮ್ಮ ಸೈಡಿಗೇ ನುಗ್ಗೋ ಬಸ್ಸಿಗೆ ಜಾಗ ಬಿಡ್ಬೇಕು. ಅದು ರೋಡಲ್ಲಿ ಜೀವ ಉಳಿಸೋ ಅಭ್ಯಾಸ, ಬಿಡಲೇಬಾರದು. ಟ್ರ್ಯಾಕಲ್ಲಿ ಅದೇ ಅಭ್ಯಾಸ ಅಡ್ಡ ಬರತ್ತೆ. ಅಲ್ಲಿ ಎದುರಿಂದ ಯಾರೂ ಬರಲ್ಲ, ರಸ್ತೆಯ ಪೂರ್ತಿ ಅಗಲ ನಿಮ್ಮದು, ಆದ್ರೂ ಹೊಸಬರು ಅರ್ಧ ಅಗಲ ಬಿಟ್ಟು ಮಧ್ಯದಲ್ಲೇ ಓಡಿಸ್ತಿರ್ತಾರೆ, ನೆಲ ನೋಡ್ಕೊಂಡು.

ನೀವು ಹೋಗ್ತಿರೋ ಜಾಗ ಶ್ರೀಪೆರಂಬದೂರು ದಾಟಿ ಇರುಂಗಾಟ್ಟುಕೋಟೈ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನೋರದ್ದು, 1990ರಲ್ಲಿ ಶುರುವಾಗಿದ್ದು, ಅದಕ್ಕೂ ಮೊದಲು ಅವರ ರೇಸ್‌ಗಳೆಲ್ಲ ಶೋಲಾವರಂನ ಹಳೇ ಏರ್‌ಸ್ಟ್ರಿಪ್‌ನಲ್ಲಿ ನಡೀತಿತ್ತು. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ನಾವೆಲ್ಲ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಾನೇ ಕರೆಯೋದು. ಉದ್ದ ಸುಮಾರು 3.7 ಕಿಲೋಮೀಟರ್, 12 ಕಾರ್ನರ್, ಅಂದ್ರೆ ತಿರುವು. ಅವಕ್ಕೆ ಸಿ1, ಸಿ2 ಅಂತ ನಂಬರ್ ಇದೆ, ಬ್ರೀಫಿಂಗಲ್ಲಿ ಎಲ್ಲರೂ ಅದೇ ಭಾಷೆ ಮಾತಾಡೋದು, ಹಾಗಾಗಿ ಹೋಗೋ ಮುಂಚೆ ಮ್ಯಾಪ್ ನೋಡಿ ಬಾಯಿಪಾಠ ಮಾಡ್ಕೊಳ್ಳಿ. ನಮ್ಮ ಕರ್ನಾಟಕದಲ್ಲಿ ಇಷ್ಟು ದೊಡ್ಡ ಪರ್ಮನೆಂಟ್ ಸರ್ಕ್ಯೂಟ್ ಇಲ್ಲ, ಅದಕ್ಕೇ ಬೆಂಗಳೂರಿನೋರೆಲ್ಲ ಒಂದೋ ಇಲ್ಲಿಗೆ, ಇಲ್ಲಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗೋದು. ದೆಹಲಿ ಹತ್ರ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿಲೋಮೀಟರ್, ಅಲ್ಲಿನ ಸ್ಟ್ರೈಟ್‌ಗಳು ದೊಡ್ಡ ಗಾಡಿಗಳಿಗೆ ಚೆನ್ನ, 310ಗೆ ಚೆನ್ನೈ ಒಳ್ಳೇ ಆಯ್ಕೆ. ನಿಮ್ಮ ಗಾಡೀನೇ ಇಟ್ಕೊಂಡು ಟಿವಿಎಸ್‌ನೋರು ಅಲ್ಲಿ ಒನ್ ಮೇಕ್ ರೇಸ್ (ಎಲ್ಲರೂ ಒಂದೇ ಥರದ ಗಾಡಿ ಓಡ್ಸೋ ರೇಸ್) ನಡೆಸ್ತಾರೆ, ಹಾಗಾಗಿ ಗಾಡಿ ತಡ್ಕೊಳತ್ತಾ ಅನ್ನೋ ಯೋಚನೆ ಬೇಡ.

ಈಗ ಕಣ್ಣಿನ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ.

ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ನೀವು ಒಂದು ಸೆಕೆಂಡಿಗೆ 33 ಮೀಟರ್ ಹೋಗ್ತೀರ. 15 ಮೀಟರ್ ಮುಂದೆ ನೋಡ್ತಿದ್ರೆ ನಿಮಗೆ ಸಿಗೋ ಟೈಮ್ ಅರ್ಧ ಸೆಕೆಂಡಿಗಿಂತ ಕಮ್ಮಿ, ಅಷ್ಟರಲ್ಲಿ ಮೆದುಳು ಏನೂ ತೀರ್ಮಾನ ಮಾಡಲ್ಲ, ಗಾಬರಿ ಆಗತ್ತೆ ಅಷ್ಟೆ. ಸ್ಪೀಡ್ ಜಾಸ್ತಿ ಆಯ್ತು ಅಂತ ಅನ್ಸೋದು ಬಹಳ ಸಲ ಸ್ಪೀಡಿಂದ ಅಲ್ಲ, ಹತ್ರ ನೋಡ್ತಿರೋದ್ರಿಂದ. ಅದೇ ಸ್ಪೀಡಲ್ಲಿ ತಲೆ ಎತ್ತಿ ದೂರ ನೋಡಿ, ಎಲ್ಲಾ ನಿಧಾನ ಆದ ಹಾಗೆ ಅನ್ಸತ್ತೆ, ಕೈ ಸಡಿಲ ಆಗತ್ತೆ, ಉಸಿರು ಬರತ್ತೆ. ಕ್ಲಾಸಲ್ಲಿ ಇದನ್ನ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ, ಗಾಡಿ ಮೇಲೆ ಒಂದು ಸಲ ಅನುಭವಕ್ಕೆ ಬಂದ್ರೆ ಜೀವನ ಪೂರ್ತಿ ಮರೆಯಲ್ಲ.

ಒಂದು ಕಾರ್ನರ್ ತಗೊಳ್ಳಿ. ಅದ್ರಲ್ಲಿ ನಿಮಗೆ ಬೇಕಾದ್ದು ಮೂರು ಜಾಗ: ಗಾಡಿ ತಿರುಗಿಸೋ ಜಾಗ, ಒಳಗಡೆ ಅಂಚಿಗೆ ಅತೀ ಹತ್ರ ಬರೋ ಜಾಗ, ಅದಕ್ಕೆ ಏಪೆಕ್ಸ್ ಅಂತಾರೆ, ಆಮೇಲೆ ಹೊರಗೆ ಬರೋ ಜಾಗ. ಟಾರ್‌ನಲ್ಲಿರೋ ಒಂದು ತೇಪೆ, ಕರ್ಬ್‌ನ (ಟ್ರ್ಯಾಕ್ ಅಂಚಿನ ಕಟ್ಟೆ) ಬಣ್ಣ ಶುರುವಾಗೋ ಕಡೆ, ಬಾವುಟ ತೋರಿಸೋ ಮಾರ್ಷಲ್ ನಿಂತಿರೋ ಗೂಡು, ಹೀಗೆ ಅಲ್ಲಾಡದೇ ಇರೋ ವಸ್ತು ನೋಡಿ ಗುರುತಿಟ್ಕೊಳ್ಳಿ (ನೆರಳನ್ನ ಗುರುತಾಗಿ ಇಟ್ಕೋಬೇಡಿ, ಮಧ್ಯಾಹ್ನದ ಸೆಷನ್‌ಗೆ ಅದು ಬೇರೆ ಕಡೆ ಹೋಗಿರತ್ತೆ). ತಿರುಗಿಸೋ ಜಾಗ ಹತ್ರ ಬರ್ತಿದ್ದ ಹಾಗೇ, ಅಲ್ಲಿಗೆ ಮುಟ್ಟೋ ಮುಂಚೇನೇ ಕಣ್ಣು ಏಪೆಕ್ಸ್‌ಗೆ ಹೋಗ್ಬೇಕು, ಗಾಡಿ ಇನ್ನೂ ನೇರ ಹೋಗ್ತಿರತ್ತೆ, ಕಣ್ಣು ಮಾತ್ರ ಮೂಲೆಗೆ. ಆಮೇಲೆ ಗಾಡಿ ಮಲಗಿಸಿ ಏಪೆಕ್ಸ್ ಸಿಕ್ಕೇ ಸಿಗತ್ತೆ ಅಂತ ಗ್ಯಾರಂಟಿ ಆದ ತಕ್ಷಣ ಕಣ್ಣು ಎಕ್ಸಿಟ್‌ಗೆ. ಯಾವತ್ತೂ ಕಣ್ಣು ಗಾಡಿಗಿಂತ ಒಂದು ಹೆಜ್ಜೆ ಮುಂದೆ. ಬರೀ ಕಣ್ಣುಗುಡ್ಡೆ ಹೊರಳಿಸಿದ್ರೆ ಆಗಲ್ಲ, ಹೆಲ್ಮೆಟ್ ಸಮೇತ ಗಲ್ಲ ಆ ಕಡೆ ತಿರುಗಬೇಕು.

ಇದರ ಉಲ್ಟಾನೂ ಅಷ್ಟೇ ನಿಜ, ಕಣ್ಣು ಎಲ್ಲಿ ನೆಟ್ಟಿದೆಯೋ ಗಾಡಿ ಅಲ್ಲಿಗೇ ಹೋಗತ್ತೆ. ಮುಂದೆ ಒಬ್ಬ ಬಿದ್ದ, ನೀವು ಅವನನ್ನೇ ನೋಡ್ತಿದ್ರೆ ಅವನ ಹತ್ರಾನೇ ಹೋಗ್ತೀರ. ಟ್ರ್ಯಾಕಿನ ಅಂಚು ನೋಡಿದ್ರೆ ಅಂಚಿಗೆ ಹೋಗ್ತೀರ. ಹೊಸಬರು ಹೊರಗೆ ಹೋಗೋದು ಬಹುತೇಕ ಹೀಗೇ: ಸಿ1 ಮೇನ್ ಸ್ಟ್ರೈಟ್ ಮುಗಿದ ತಕ್ಷಣ ಬರೋ ವೇಗದ ಬಲ ತಿರುವು, ಅಲ್ಲಿ ಮಧ್ಯದಲ್ಲಿ ಒಂದು ಕ್ಷಣ ಜಾಸ್ತಿ ಸ್ಪೀಡಲ್ಲಿ ಬಂದೆ ಅನ್ಸತ್ತೆ, ಕಣ್ಣು ಹೊರಗಿನ ಅಂಚಿಗೆ ಹಾರತ್ತೆ, ಕೈ ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ಮುಚ್ಚತ್ತೆ, ಭಾರ ಎಲ್ಲಾ ಮುಂದಿನ ಚಕ್ರಕ್ಕೆ ಬೀಳತ್ತೆ, ಗಾಡಿ ಎದ್ದು ನೇರ ಆಗಕ್ಕೆ ನೋಡತ್ತೆ, ಅಷ್ಟರಲ್ಲಿ ನೀವು ಮಣ್ಣಲ್ಲಿ. ಗಾಡಿಗೆ ಇನ್ನೂ ಮಲಗೋ ಶಕ್ತಿ ಇತ್ತು, ಓಡಿಸೋನೇ ಕೈ ಬಿಟ್ಟಿದ್ದು. ಆ ಕ್ಷಣದಲ್ಲಿ ಮಾಡ್ಬೇಕಾದ್ದು ಕೇಳೋಕೆ ಹುಚ್ಚು ಅನ್ಸತ್ತೆ, ಆದ್ರೂ ನಂಬಿ: ಥ್ರಾಟಲ್ ಇದ್ದಲ್ಲೇ ಇರಲಿ, ತಲೆ ಒಳಗಡೆ ತಿರುಗಿಸಿ, ಬಲ ತಿರುವಾದ್ರೆ ಬಲಗಡೆ ಹ್ಯಾಂಡಲ್‌ನ ಇನ್ನೊಂಚೂರು ಮುಂದಕ್ಕೆ ತಳ್ಳಿ. ಹೌದು, ಬಲಕ್ಕೆ ಹೋಗ್ಬೇಕಂದ್ರೆ ಬಲಗೈಯಲ್ಲೇ ಮುಂದಕ್ಕೆ ತಳ್ಳೋದು, ಗಾಡಿ ಆ ಕಡೆ ಮಲಗತ್ತೆ. ನಡಿಗೆ ಸ್ಪೀಡ್ ದಾಟಿದ ಯಾವ ಬೈಕಾದ್ರೂ ತಿರುಗೋದು ಹೀಗೇ, ನೀವು ಘಾಟಲ್ಲಿ ಗೊತ್ತಿಲ್ದೇ ಇದನ್ನೇ ಮಾಡ್ತಿದ್ರಿ, ಈಗ ಗೊತ್ತಿದ್ದು ಮಾಡಿ.

ಥ್ರಾಟಲ್ ಬಗ್ಗೆ ಒಂದೇ ನಿಯಮ ಸಾಕು. ಗಾಡಿ ಮಲಗಿ ಲೈನ್ ಹಿಡಿದ ಮೇಲೆ ತೆಗೀರಿ, ಒಂದು ಸಲ ತೆಗೆದ್ರೆ ಕಾರ್ನರ್ ಮುಗಿಯೋವರೆಗೂ ನಿಧಾನಕ್ಕೆ, ಒಂದೇ ಸಮನೆ ತೆಗೀತಾನೇ ಹೋಗಿ, ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡ್ಬೇಡಿ. ಹೀಗೆ ಮಾಡಿದ್ರೆ ಭಾರ ಸುಮಾರು 40 ಭಾಗ ಮುಂದೆ, 60 ಭಾಗ ಹಿಂದೆ ಇರತ್ತೆ. ಹಿಂದಿನ ಟಯರ್ ಅಗಲ, ಮುಂದಿನದ್ದು ಸಣ್ಣ, ಹಾಗಾಗಿ ಗಾಡಿಗೆ ಆ ಲೆಕ್ಕ ಇಷ್ಟ. ನಿಮ್ಮ ಟ್ರೈನಿಂಗಲ್ಲಿ ಮೊದಲ ಸೆಷನ್ ನಾಲ್ಕನೇ ಗೇರ್ ಒಂದರಲ್ಲೇ, ಬ್ರೇಕ್ ಮುಟ್ಟದೇ ಓಡ್ಸಿ ಅಂತ ಹೇಳಬಹುದು, ಬೇಜಾರು ಮಾಡ್ಕೋಬೇಡಿ, ಚೆನ್ನೈಗೆ ಬರೋ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ನೋರೂ ಥ್ರಾಟಲ್ ಕಂಟ್ರೋಲ್‌ನಿಂದಾನೇ ಪಾಠ ಶುರು ಮಾಡೋದು. ಗೇರು, ಬ್ರೇಕು ಎರಡೂ ಯೋಚನೆ ತೆಗೆದ್ಬಿಟ್ರೆ ಗಮನ ಎಲ್ಲಾ ಲೈನ್ ಮೇಲೆ ಉಳಿಯತ್ತೆ. ನಿಮಗೆ ಹಾಗೆ ಹೇಳದಿದ್ರೂ ನೀವಾಗೇ ಮೊದಲ ಸೆಷನ್ ಹಾಗೇ ಮಾಡಿ.

ಬ್ರೇಕ್ ಆಮೇಲೆ ಬರತ್ತೆ. ಲಿವರ್‌ನ ಒಂದೇ ಸಲ ಗಬಕ್ಕಂತ ಹಿಡೀಬಾರದು. ಹಸು ಹಾಲು ಕರೆಯೋರನ್ನ ನೋಡಿರ್ತೀರಲ್ಲ, ಬೆರಳು ಮೊದಲು ಮೆತ್ತಗೆ ಹಿಡಿದು ಆಮೇಲೆ ಒತ್ತಡ ಕೊಡೋದು, ಹಾಗೆ. ಮೊದಲು ಸ್ವಲ್ಪ, ಮುಂದಿನ ಸಸ್ಪೆನ್ಷನ್ ಕೂತ ಮೇಲೆ ಜೋರಾಗಿ, ತಿರುಗಿಸೋ ಜಾಗ ಬರ್ತಿದ್ದ ಹಾಗೆ ಮೆತ್ತಗೆ ಬಿಡೋದು. ಬಿಡೋದನ್ನೂ ಮೆತ್ತಗೆ, ಅದನ್ನ ಜಾಸ್ತಿ ಜನ ಮರೀತಾರೆ. ಸ್ಪೀಡ್ ಎರಡು ಪಟ್ಟಾದ್ರೆ ನಿಲ್ಲೋಕೆ ಬೇಕಾದ ದೂರ ನಾಲ್ಕು ಪಟ್ಟು, ಆ ಲೆಕ್ಕ ನೆನಪಿರಲಿ, ಮೊದಲ ದಿನ ಎಲ್ಲರಿಗಿಂತ ಬೇಗ ಬ್ರೇಕ್ ಹಿಡೀರಿ, ಕಾರ್ನರ್ ಒಳಗೆ ಆರಾಮಾಗಿ ಹೋಗಿ, ಹೊರಗೆ ಜೋರಾಗಿ ಬನ್ನಿ. ಗಾಡಿ ಮಲಗಿರೋವಾಗ ಬ್ರೇಕ್ ಎಳ್ಕೊಂಡು ಹೋಗೋ ಟ್ರೈಲ್ ಬ್ರೇಕಿಂಗ್ ಎಲ್ಲಾ ಎರಡನೇ, ಮೂರನೇ ಸಲಕ್ಕೆ ಇರಲಿ.

ಗಾಡಿ ತಯಾರಿ. ಟಯರ್ ಮೊದಲು. ಸೈಡಲ್ಲಿ ನಾಲ್ಕು ಅಂಕಿ ಇರತ್ತೆ, 2323 ಅಂತಿದ್ರೆ 2023ರ 23ನೇ ವಾರ ತಯಾರಾಗಿದ್ದು, ಹಳೇದಾಗಿ ಗಟ್ಟಿಯಾಗಿದ್ರೆ, ಇಲ್ಲಾ ಹೈವೇಲಿ ಓಡಿ ಮಧ್ಯದಲ್ಲಿ ಚಪ್ಪಟೆ ಆಗಿದ್ರೆ ಬದಲಾಯಿಸಿ, ಇದ್ರಲ್ಲಿ ದುಡ್ಡು ಉಳಿಸಕ್ಕೆ ಹೋಗ್ಬೇಡಿ. ಒಳ್ಳೇ ರೋಡ್ ಟಯರ್ ಸಾಕು, ಗೆರೆ ಇಲ್ಲದ ರೇಸ್ ಟಯರ್, ಸ್ಲಿಕ್ ಅಂತಾರಲ್ಲ, ಅದು ಬೇಡವೇ ಬೇಡ, ಅದು ಕಾಯೋಷ್ಟು ಜೋರಾಗಿ ನಾವು ಮೊದಲ ದಿನ ಓಡಿಸಲ್ಲ. ಟ್ರ್ಯಾಕಲ್ಲಿ ಟಯರ್ ಬಿಸಿಯಾಗಿ ಒಳಗಿನ ಗಾಳಿ ಒತ್ತಡ ಏರತ್ತೆ, ಹಾಗಾಗಿ ರೋಡ್‌ಗೆ ಇಡೋದಕ್ಕಿಂತ ಸ್ವಲ್ಪ ಕಮ್ಮಿ ಇಡ್ತಾರೆ, ಎಷ್ಟು ಅಂತ ಅಲ್ಲಿನ ಇನ್‌ಸ್ಟ್ರಕ್ಟರ್‌ನ ಕೇಳಿ, ನಿಮ್ಮ ತೂಕ, ಟಯರ್, ಆ ದಿನದ ಬಿಸಿಲು ನೋಡಿ ಹೇಳ್ತಾರೆ. ಒಂದು ಗೇಜ್ ನೀವೇ ಇಟ್ಕೊಳ್ಳಿ, ಪೆಟ್ರೋಲ್ ಬಂಕ್ ಮೀಟರ್ ನಂಬ್ಕೊಂಡು ಹೋಗ್ಬೇಡಿ. ಮೊದಲ ಎರಡು ರೌಂಡ್ ಟಯರ್ ಬಿಸಿ ಆಗೋವರೆಗೂ ಮೆತ್ತಗೆ.

ಬ್ರೇಕ್ ಆಯಿಲ್ ಬದಲಾಯಿಸಿ. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗೂ ಕುದಿಯಲ್ಲ, ಆದ್ರೆ ಅದು ಗಾಳಿಯಲ್ಲಿರೋ ನೀರಿನಂಶ ಹೀರ್ತಾನೇ ಇರತ್ತೆ, ಹಳೇದಾದ್ರೆ ಕುದಿಯೋ ಮಟ್ಟ 155 ಡಿಗ್ರಿ ಹತ್ರ ಇಳಿದುಬಿಡತ್ತೆ. ಸಿಟೀಲಿ ಗೊತ್ತೇ ಆಗಲ್ಲ, ಟ್ರ್ಯಾಕಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಜೋರಾಗಿ ಬ್ರೇಕ್ ಹಿಡಿದಾಗ ಆಯಿಲ್‌ನಲ್ಲಿ ಗುಳ್ಳೆ ಎದ್ದು ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡತ್ತೆ, ಗಾಡಿ ನಿಲ್ಲಲ್ಲ. ಪ್ಯಾಡ್ ಅರ್ಧಕ್ಕಿಂತ ಕಮ್ಮಿ ಇದ್ರೆ ಹೊಸದು ಹಾಕ್ಸಿ. ಚೈನ್ ಟೈಟ್ ಸರಿ ಇರಲಿ, ಆಯಿಲ್ ಲೀಕ್ ಒಂದು ಹನಿಯೂ ಇರಬಾರದು. ಕೂಲೆಂಟ್ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕ್ಬೇಕಾ ಅಂತ ಕೇಳ್ಕೊಳ್ಳಿ, ಬಿದ್ದಾಗ ಕೂಲೆಂಟ್ ಚೆಲ್ಲಿದ್ರೆ ಅದ್ರಲ್ಲಿರೋ ಗ್ಲೈಕಾಲ್ ಜಾರತ್ತೆ, ನೀರಿನಷ್ಟು ಬೇಗ ಆರಲ್ಲ, ಹಿಂದೆ ಬರೋರೂ ಬೀಳ್ತಾರೆ. ಆಮೇಲೆ ಸೀರೆ ಗಾರ್ಡ್, ಕ್ರ್ಯಾಶ್ ಗಾರ್ಡ್, ಮೊಬೈಲ್ ಹೋಲ್ಡರ್, ಲಗೇಜ್ ಕಂಬಿ ಎಲ್ಲಾ ಬಿಚ್ಚಿ ಮನೇಲಿಡಿ, ಗಾಡಿ ಮಲಗಿಸಿದಾಗ ಕ್ರ್ಯಾಶ್ ಗಾರ್ಡ್ ನೆಲಕ್ಕೆ ಒರಗಿದ್ರೆ ಚಕ್ರ ಎತ್ತಿಬಿಡತ್ತೆ. ಕನ್ನಡಿ ಬಿಚ್ಚಿ, ಲೈಟ್, ಇಂಡಿಕೇಟರ್ ಮೇಲೆ ಟೇಪ್ ಸುತ್ತಿ, ಗಾಜು ಒಡೆದು ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ. ನಿಮ್ಮದು 2020ರ ನಂತರದ ಮಾಡೆಲ್ ಆದ್ರೆ ನಾಲ್ಕು ಮೋಡ್ ಇರತ್ತೆ, ರೇನ್, ಅರ್ಬನ್‌ನಲ್ಲಿ ಪವರ್ ಕಮ್ಮಿ, ಟ್ರ್ಯಾಕ್ ಮೋಡಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ತಡವಾಗಿ ಕೆಲಸ ಮಾಡತ್ತೆ, ನೀವು ಬೆಳಗ್ಗೆ ಸ್ಪೋರ್ಟ್‌ನಲ್ಲೇ ಓಡ್ಸಿ.

ಮೈಮೇಲೆ ಹಾಕ್ಕೊಳೋದು: ಲೆದರ್ ಸೂಟ್, ಒಂದೇ ಪೀಸ್, ಇಲ್ಲಾ ಸುತ್ತ ಜಿಪ್ ಸೇರೋ ಎರಡು ಪೀಸ್. ರೈಡಿಂಗ್ ಜಾಕೆಟ್ ಜೀನ್ಸ್‌ಗೆ ಒಳಗೇ ಬಿಡಲ್ಲ. ಬಾಡಿಗೆಗೂ ಸಿಗತ್ತೆ, ಮೊದಲ ಸಲಕ್ಕೆ ಅದೇ ಸಾಕು, ಆದ್ರೆ ಅಳತೆ ಮುಂಚೇನೇ ಹೇಳಿಡಿ, ಸೂಟ್ ಸಡಿಲ ಇದ್ರೆ ಬಿದ್ದಾಗ ಮೊಣಕೈ, ಮಂಡಿಯಲ್ಲಿರೋ ಗಾರ್ಡ್ ಪಕ್ಕಕ್ಕೆ ಸರಿದುಬಿಡತ್ತೆ. ಬ್ಯಾಕ್ ಪ್ರೊಟೆಕ್ಟರ್, ಮಣಿಕಟ್ಟು ಮುಚ್ಚೋ ಗ್ಲೌಸ್, ಕಣಕಾಲು ಮುಚ್ಚೋ ಬೂಟ್. ಹೆಲ್ಮೆಟ್ ಮಾತ್ರ ನಿಮ್ಮದೇ ಇರಲಿ, ಡಬಲ್ ಡಿ ರಿಂಗ್ ಬಕಲ್ಲು (ಎರಡು ಬಳೆಯೊಳಗೆ ಪಟ್ಟಿ ತೂರಿಸಿ ಬಿಗಿಯೋದು), ಒಂದು ಸಲಾನೂ ಬಿದ್ದಿರಬಾರದು, ಯಾವ ಸರ್ಟಿಫಿಕೇಟ್ ಒಪ್ತಾರೆ ಅಂತ ಮೊದಲೇ ಕೇಳಿ.

ಬ್ರೀಫಿಂಗಲ್ಲಿ ನಿದ್ದೆ ಮಾಡ್ಬೇಡಿ. ಹಳದಿ ಬಾವುಟ ಅಂದ್ರೆ ಮುಂದೆ ಅಪಾಯ, ನಿಧಾನ ಮಾಡಿ, ಯಾರನ್ನೂ ಓವರ್‌ಟೇಕ್ ಮಾಡೋ ಹಾಗಿಲ್ಲ. ಕೆಂಪು ಬಂದ್ರೆ ಸೆಷನ್ ನಿಂತಿದೆ, ಗಕ್ಕನೆ ಬ್ರೇಕ್ ಹಿಡೀಬೇಡಿ, ಹಿಂದೆ ಬರೋನು ನೋಡಿರಲ್ಲ, ನಿಧಾನ ಮಾಡ್ಕೊಂಡು ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬನ್ನಿ. ಹಳದಿ ಕೆಂಪು ಪಟ್ಟೆ ಇದ್ರೆ ಟ್ರ್ಯಾಕ್ ಜಾರತ್ತೆ. ಕಪ್ಪು ಬಾವುಟದಲ್ಲಿ ಕಿತ್ತಳೆ ಬಣ್ಣದ ಚುಕ್ಕಿ ನಿಮಗೇ ತೋರಿಸ್ತಿದ್ರೆ ನಿಮ್ಮ ಗಾಡೀಲೇ ಏನೋ ಆಗಿದೆ, ಲೈನ್ ಬಿಟ್ಟು ಪಕ್ಕಕ್ಕೆ ಬನ್ನಿ. ಹಿಂದೆ ತಿರುಗಿ ನೋಡೋದು ಬೇಡ, ಹಿಂದಿನೋನೇ ನಿಮ್ಮನ್ನ ಸುರಕ್ಷಿತವಾಗಿ ದಾಟಿ ಹೋಗ್ಬೇಕು, ನೀವು ದಾರಿ ಬಿಡಕ್ಕೆ ಅಂತ ಕಾರ್ನರ್ ಮಧ್ಯ ಲೈನ್ ಬದಲಾಯಿಸಿದ್ರೇನೇ ಡಿಕ್ಕಿ ಆಗೋದು. ನಿಮ್ಮ ಪಾಡಿಗೆ ನೀವು ಹೋಗ್ತಿರಿ.

ಬೀಳೋ ಭಯ ಅಂದ್ರಿ. ಭಯ ಇರಲಿ, ಅದು ಒಳ್ಳೇದೇ. ಟ್ರ್ಯಾಕಿಂದ ಹೊರಗೆ ಹೋಗ್ತಿದ್ದೀನಿ ಅಂತ ಗೊತ್ತಾದ್ರೆ ಗಾಡಿ ನೇರ ಮಾಡಿ, ಮಣ್ಣಿಗೆ ಇಳಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ, ಹಾಗೇ ನಿಧಾನ ಆಗಕ್ಕೆ ಬಿಡಿ. ಬಿದ್ದೇಬಿಟ್ರೆ ಗಾಡಿ ಕೈ ಬಿಡಿ, ಅದು ಅದರ ದಾರೀಲಿ ಹೋಗಲಿ, ಪೂರ್ತಿ ನಿಂತಿದ್ದೀನಿ ಅಂತ ಖಾತ್ರಿ ಆಗೋವರೆಗೂ ಎದ್ದೇಳಬೇಡಿ, ಜಾರ್ತಾ ಇರೋವಾಗ ನಿಂತಿದ್ದೀನಿ ಅಂತ ಅನ್ಸತ್ತೆ, ಎದ್ದ ತಕ್ಷಣ ಮತ್ತೆ ಉರುಳ್ತಾರೆ, ಕೈಕಾಲು ಮುರಿಯೋದು ಅಲ್ಲಿ. ಎದ್ದ ಮೇಲೆ ಬರೋ ಗಾಡಿ ನೋಡ್ಕೊಂಡು ಸೀದಾ ಬ್ಯಾರಿಯರ್ ಹಿಂದೆ. ಗಾಡಿ ಎತ್ತಕ್ಕೆ ಓಡ್ಬೇಡಿ, ಮಾರ್ಷಲ್‌ಗಳು ಇರ್ತಾರೆ. ಆಂಬುಲೆನ್ಸ್ ಟ್ರ್ಯಾಕ್ ಪಕ್ಕದಲ್ಲೇ ಇರತ್ತಾ ಅಂತ ಬುಕಿಂಗ್ ಮಾಡೋರ ಹತ್ರ ಮೊದಲೇ ಕೇಳಿ, ಸರಿಯಾಗಿ ಉತ್ತರ ಬರದಿದ್ರೆ ಆ ಕಡೆ ಹೋಗಲೇಬೇಡಿ.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಮ್ಮ ಗಾಡಿ ಪಾಲಿಸಿ ಪೇಪರಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಬಳಸಿದ್ರೆ ಕವರ್ ಇಲ್ಲ ಅಂತ ಬರೆದೇ ಇರತ್ತೆ, ಹಾಗಾಗಿ ಬಿದ್ರೆ ಖರ್ಚು ನಿಮ್ಮ ಜೇಬಿಂದ ಅಂತಾನೇ ಲೆಕ್ಕ ಹಾಕಿ. ಹೆಲ್ತ್ ಪಾಲಿಸಿಯಲ್ಲಿ ಮೋಟಾರ್ ರೇಸಿಂಗ್ ಥರದ ಅಪಾಯದ ಆಟಗಳ ಬಗ್ಗೆ ಒಂದು ಷರತ್ತು ಇರತ್ತೆ, ಪ್ರೊಫೆಷನಲ್ ಆಗಿ ಭಾಗವಹಿಸೋರಿಗೆ ಅಂತ, ಟ್ರೈನಿಂಗ್ ಡೇ ಅದ್ರಲ್ಲಿ ಬರತ್ತಾ ಅಂತ ಕಂಪನಿಗೆ ಮೇಲ್ ಹಾಕಿ ಉತ್ತರ ಇಟ್ಕೊಳ್ಳಿ. ಈ ಕಾರಣಕ್ಕೇ ಮೊದಲ ಸಲ ಸ್ಕೂಲ್‌ನೋರ ಬಾಡಿಗೆ ಗಾಡಿ ಸಿಕ್ರೆ ಅದನ್ನೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಬಿದ್ರೆ ಏನು ಕೊಡ್ಬೇಕು ಅಂತ ಮೊದಲೇ ಬರೆಸ್ಕೊಳ್ಳಿ.

ಹೋಗಿಬರೋ ಪ್ರಶ್ನೆ. ಬೆಂಗಳೂರಿಂದ ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿಲೋಮೀಟರ್. ಅದೇ ದಿನ ವಾಪಸ್ ಬರೋದು ಖಂಡಿತ ಬೇಡ, ಇದನ್ನ ಕೈ ಮುಗಿದು ಹೇಳ್ತೀನಿ. ಹಿಂದಿನ ದಿನ ಮಧ್ಯಾಹ್ನದೊಳಗೆ ಹೋಗಿ ಶ್ರೀಪೆರಂಬದೂರಲ್ಲಿ ರೂಮ್ ಮಾಡಿ, ಸಂಜೆ ಒಳಗೆ ಬಿಟ್ರೆ ಟ್ರ್ಯಾಕ್ ಪೂರ್ತಿ ಒಂದು ಸುತ್ತು ನಡೀರಿ, ನಡೆದಾಗ್ಲೇ ಟಾರ್‌ನ ತೇಪೆ, ಇಳಿಜಾರು ಕಣ್ಣಿಗೆ ಬೀಳೋದು. ರಾತ್ರಿ ಚೆನ್ನಾಗಿ ಮಲಗಿ. ಚೆನ್ನೈ ಬಿಸಿಲಿಗೆ ಲೆದರ್ ಒಳಗೆ ಬೆವರು ಹರಿಯತ್ತೆ, ಬಾಯಾರಿಕೆ ಆಗೋ ಮುಂಚೇನೇ ನೀರು, ಓಆರ್‌ಎಸ್ ಕುಡೀತಿರಿ, ಮಧ್ಯಾಹ್ನ ಬಿರಿಯಾನಿ ಹೊಡೀಬೇಡಿ, ಮೊಸರನ್ನ ಸಾಕು. ಕೊನೇ ಸೆಷನ್‌ಗೆ ಕೈ ನಡುಗ್ತಿದ್ರೆ, ಗುರುತಿಟ್ಟ ಜಾಗ ತಪ್ಪಕ್ಕೆ ಶುರುವಾದ್ರೆ, ದುಡ್ಡು ಕಟ್ಟಿದ್ದೀನಿ ಅಂತ ಒಳಗೆ ಹೋಗ್ಬೇಡಿ. ಸುಸ್ತಾದಾಗ ಕಣ್ಣು ಮೊದಲು ಕೆಳಗೆ ಬೀಳತ್ತೆ, ಅದೇ ಸೂಚನೆ. ಸೂಟ್ ಬಿಚ್ಚಿ ನೆರಳಲ್ಲಿ ಕೂತ್ಕೊಳ್ಳಿ.

ಮಾರನೇ ದಿನ ಬೆಳಗ್ಗೆ ಹೊರಡಿ. ಸ್ಪೇರ್ ಕ್ಲಚ್ ಲಿವರ್, ಬ್ರೇಕ್ ಲಿವರ್, ಗೇರ್ ಪೆಡಲ್ ಬ್ಯಾಗಲ್ಲಿ ಇಟ್ಕೊಂಡೇ ಹೋಗಿರಿ, ಅದೊಂದು ಮುರಿದ್ರೆ ಗಾಡಿ ಟೆಂಪೋದಲ್ಲಿ ಬರತ್ತೆ. ಹೊರಡೋ ಮುಂಚೆ ಟಯರ್‌ಗೆ ರೋಡ್ ಲೆಕ್ಕದ ಗಾಳಿ, ಕನ್ನಡಿ ವಾಪಸ್, ಟೇಪ್ ಕಿತ್ತು ಬ್ರೇಕ್ ಲೈಟ್ ಉರಿಯತ್ತಾ ನೋಡಿ. ಹಿಂದಿನ ದಿನ ಪೂರ್ತಿ ಜೋರಾಗಿ ಓಡಿಸಿದ ಮೇಲೆ ಹೈವೇಲಿ 80 ಅನ್ನೋದು ತೆವಳಿದ ಹಾಗೆ ಅನ್ಸತ್ತೆ, ಗೊತ್ತಿಲ್ದೇ 110ಕ್ಕೆ ಹೋಗಿರ್ತೀರ, ಅಲ್ಲಿ ಬಾವುಟ ತೋರಿಸೋರೂ ಇಲ್ಲ, ರಾಂಗ್ ಸೈಡಲ್ಲಿ ಬರೋ ಟ್ರ್ಯಾಕ್ಟರೂ ಇರತ್ತೆ. ಕಡೇ ಪಕ್ಷ ವೆಲ್ಲೂರುವರೆಗೂ ಸ್ಪೀಡೋಮೀಟರ್ ನೋಡ್ಕೊಂಡೇ ಬನ್ನಿ, ಅಲ್ಲಿ ಇಳಿದು ಕಾಫಿ ಕುಡಿದು, ಯಾವ ಕಾರ್ನರಲ್ಲಿ ಏನು ಅನ್ಸಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದಿನ ಸಲ ಹೋಗೋ ಮುಂಚೆ ಓದೋಕೆ ಬೇಕಾಗತ್ತೆ.